ಗೀತಮ್ಮನ ಎಡಗೈ

ಹಾಡುಹಗಲಲ್ಲೇ ಬಾಗಿಲಿಗೆ ಅಗುಳಿ ಹಾಕಿಕೊಂಡು ದುರುಗಕ್ಕ ಎಡಗೈಯಲ್ಲಿ ಮುದ್ದೆ ಕಟ್ಟುತ್ತಿದ್ದಳು. ಒಲೆಯಿಂದ ಇಳಿಸಿದ ಹಿಟ್ಟು ಕೆಂಡವಾಗಿ ಸುಡುತ್ತಿತ್ತು. ಬಲಗೈಯಾಗಿದ್ದರೆ ನೀರಿಗೆ ಅದ್ದಿ ಹಲಗೆಯ ಮೇಲೆ ನಾಲ್ಕು ಸುತ್ತು ಹೊರಳಿಸುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ಎಡಗೈಗೆ ಮಾತ್ರ ತಾನೂ ಇದೇ ಮೈಯದು ಎಂಬ ನೆನಪೇ ಇದ್ದಂತಿರಲಿಲ್ಲ. ಹಿಟ್ಟು ಒಂದು ಕಡೆ ಉಬ್ಬಿತು, ಇನ್ನೊಂದು ಕಡೆ ಬಿರಿಯಿತು, ಕೊನೆಗೆ ಬೆರಳಿಗೇ ಮೆತ್ತಿಕೊಂಡು ಕೂತಿತು. ಸುಟ್ಟ ಬೆರಳನ್ನು ಬಾಯಿಗಿಟ್ಟುಕೊಂಡ ದುರುಗಕ್ಕ ಹಿಟ್ಟನ್ನು ಬೈಯಲಿಲ್ಲ, ಒಲೆಯನ್ನು ಬೈಯಲಿಲ್ಲ. ಗೋಡೆಯಾಚೆಯ ಮನೆಯ ಓರಗಿತ್ತಿ ಗೀತಮ್ಮನನ್ನು ಬೈದಳು.

ಬಾಗಿಲು ಬಡಿಯಿತು. ಚಳ್ಳಕೆರೆಯ ಮಾರುಕಟ್ಟೆಯಲ್ಲಿ ಶೇಂಗಾ ಮೂಟೆ ಹೊರುವ ಗಂಡ ಗಾದ್ರಪ್ಪ ಆವತ್ತು ವ್ಯಾಪಾರವಿಲ್ಲವೆಂದು ಬೇಗ ಬಂದಿದ್ದ.

"ಏನೇ, ಹಗಲೊತ್ತಿನಾಗೆ ಅಗುಳಿ ಹಾಕ್ಕಂಡು ಏನ್ ಮಾಡ್ತಿದೀಯ?"

ಒಳಗೆ ಬಂದವನು ಹಲಗೆಯ ಮೇಲೆ ಸಾಲಾಗಿ ಕೂತಿದ್ದ ಸೊಟ್ಟ ಮುದ್ದೆಗಳನ್ನು ನೋಡಿದ. ಆಮೇಲೆ ಹೆಂಡತಿಯ ಎಡಗೈ ನೋಡಿದ. ಅವನಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಗೀತನ ಜೊತೆ ಪಂದ್ಯ ಕಟ್ಟೀಯಾ? ಬಿಡೇ ಅತ್ಲಾಗೆ. ದೇವ್ರು ನಿಂಗೆ ಬಲಗೈ ಕೊಟ್ಟಾನೆ."

"ಉಣ್ಣೋದಿದ್ರೆ ಉಣ್ಣು, ಇಲ್ದಿದ್ರೆ ಎದ್ದೋಗು," ಎಂದಳು ದುರುಗಕ್ಕ.

ಗಾದ್ರಪ್ಪ ತೆಪ್ಪಗೆ ಉಂಡ. ಆ ತಿಂಗಳಲ್ಲಿ ಅವನು ತಿಂದ ಮುದ್ದೆಗಳಲ್ಲಿ ಒಂದೂ ದುಂಡಗಿರಲಿಲ್ಲ.

ನನ್ನಿವಾಳದಲ್ಲಿ ದುರುಗಕ್ಕನ ಬಲಗೈ ಎಂದರೆ ಊರಿನ ಆಸ್ತಿ. ಕೈಗುಣ ಎಂಬುದು ಎಲ್ಲರಿಗೂ ಬರುವುದಿಲ್ಲ, ಬಂದವರು ಕೇಳಿ ಪಡೆದದ್ದೂ ಅಲ್ಲ. ಅವಳು ಹೆಪ್ಪು ಹಾಕಿದ ಹಾಲು ಒಡೆದದ್ದಿಲ್ಲ, ಅವಳು ನೆಟ್ಟ ಕಡ್ಡಿ ಒಣಗಿದ್ದಿಲ್ಲ. ಮದುವೆಯ ಮನೆಯಲ್ಲಿ ಮೊದಲ ಅಕ್ಕಿಗೆ ಅವಳ ಕೈ ಬೇಕು. ಬಿತ್ತನೆಯ ದಿನ ಬೀಜದ ರಾಶಿಗೆ ಪೂಜೆ ಮಾಡಿ ಮೊದಲ ಹಿಡಿ ಎತ್ತಲು ಅವಳ ಕೈ ಬೇಕು. ಎತ್ತಿನ ಕೂರಿಗೆ ಹೋಗಿ ಟ್ರ್ಯಾಕ್ಟರ್ ಕೂರಿಗೆ ಬಂದ ಮೇಲೂ ಅದರ ಡಬ್ಬಕ್ಕೆ ಬೀಳುವ ಮೊದಲ ಹಿಡಿ ಶೇಂಗಾ ಬೀಜ ದುರುಗಕ್ಕನದೇ ಆಗಬೇಕಿತ್ತು.

ಗೀತಮ್ಮನದು ಎಡಗೈ. ಗಾದ್ರಪ್ಪನ ತಮ್ಮ ರಾಜಣ್ಣನ ಕೈಹಿಡಿದು ಬಂದ ಮೊದಲ ಹಬ್ಬದಲ್ಲಿ ಅವಳು ಎಡಗೈಯಲ್ಲಿ ಸೌಟು ಹಿಡಿದು ಪಂಕ್ತಿಗೆ ಬಡಿಸಲು ಹೊರಟಾಗ ಅತ್ತೆ ಹುಚ್ಚಕ್ಕ ಸೌಟು ಕಿತ್ತು ದುರುಗಕ್ಕನ ಕೈಗೆ ಕೊಟ್ಟಿದ್ದಳು. ಅಂದಿನಿಂದ ಯಾರ ಮನೆಯ ಕಾರ್ಯವಾದರೂ ದುರುಗಕ್ಕ ಬಡಿಸುವವಳು, ಗೀತಮ್ಮ ಹಿತ್ತಲಲ್ಲಿ ಪಾತ್ರೆ ತಿಕ್ಕುವವಳು. ದುರುಗಕ್ಕನಿಗೆ ಇದು ಅನ್ಯಾಯವೆಂದು ಒಮ್ಮೆಯೂ ಅನ್ನಿಸಲಿಲ್ಲ. ಅನ್ನಿಸುವುದಾದರೂ ಯಾಕೆ, ಬಡಿಸುವವಳು ಅವಳೇ ಅಲ್ಲವೆ.

ಹೀಗಿರುವಾಗ ಚಳ್ಳಕೆರೆಯಲ್ಲಿ ಮುಚ್ಚಿಹೋಗಿದ್ದ ಎಣ್ಣೆಮಿಲ್ಲಿನ ಗೋದಾಮಿಗೆ ಸುಣ್ಣ ಬಳಿದು ಒಂದು ಕಂಪನಿ ಬಂತು. ಹೆಂಗಸರು ಬೇಕಂತೆ, ಓದು ಬೇಡವಂತೆ, ಮನೆಯಲ್ಲಿ ಮಾಡುವ ಕೆಲಸವನ್ನೇ ಅಲ್ಲಿ ಕೂತು ಮಾಡಬೇಕಂತೆ, ಮಾಡುವಾಗ ಹಣೆಗೆ ಕ್ಯಾಮೆರಾ ಕಟ್ಟುತ್ತಾರಂತೆ, ಅದನ್ನು ನೋಡಿ ಮಿಷಿನ್ನು ಕಲಿಯುತ್ತದಂತೆ ಎಂದು ಸುದ್ದಿಯಾಯಿತು. ಸುತ್ತಲಿನ ಹಳ್ಳಿಗಳಿಂದ ಹೆಂಗಸರು ಆಟೊ ತುಂಬಿಕೊಂಡು ಹೋದರು. ದುರುಗಕ್ಕನೂ ಹೋದಳು. ಜೊತೆಗಿರಲಿ ಎಂದು ಗೀತಮ್ಮನನ್ನು ಅವಳೇ ಎಬ್ಬಿಸಿಕೊಂಡು ಹೋದಳು.

ಅಲ್ಲಿ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವಳು ರಶ್ಮಿತಾ ಎಂಬ ಹುಡುಗಿ, ಮೊಳಕಾಲ್ಮುರಿನ ನೇಕಾರರ ಮನೆಯವಳು. ಸಾಲಾಗಿ ಕೂತ ಹೆಂಗಸರಿಗೆ ಅವಳು ತಿಳಿಸಿ ಹೇಳಿದಳು.

"ಇದು ಬರೀ ಮುದ್ದೆ ಮಾಡೋ ಮಿಷಿನ್ ಅಲ್ಲ ಅಕ್ಕ. ಮನುಷ್ಯರಂಗೇ ಬುದ್ಧಿ ಇರೋದು ಮುಂದೆ ಬರುತ್ತೆ ಅಂತಾರೆ. ಇಂಥದ್ದೇ ಕೆಲ್ಸ ಅಂತಿಲ್ಲ, ಏನು ತೋರಿಸಿದ್ರೂ ಕಲ್ತು ಮಾಡುತ್ತೆ. ಓದೋದು, ಬರೆಯೋದು, ಲೆಕ್ಕ ಎಲ್ಲಾ ಆಗ್ಲೇ ಬಂದೈತೆ ಅದಕ್ಕೆ. ಕೈಕೆಲ್ಸ ಒಂದು ಬಂದಿಲ್ಲ. ಅದಕ್ಕೇ ನಿಮ್ಮ ಕೈ ಬೇಕು."

"ಯಾವಾಗ ಬರುತ್ತವ್ವ ಅದು?" ಎಂದಳು ಮುಂದೆ ಕೂತಿದ್ದ ಜಯಕ್ಕ.

"ಐದು ವರ್ಷ ಅನ್ನೋರು ಅದಾರೆ, ಐವತ್ತು ಅನ್ನೋರು ಅದಾರೆ. ಬರೋದೇ ಇಲ್ಲ ಅನ್ನೋರೂ ಅದಾರೆ."

"ಬಂದ್ಮೇಲೆ ನಾವೇನ್ ಮಾಡೋದು?"

"ಅದು ನಂಗೂ ಗೊತ್ತಿಲ್ಲಕ್ಕ," ಎಂದಳು ರಶ್ಮಿತಾ. "ನನ್ ಕೆಲ್ಸಾನೂ ಇರುತ್ತೋ ಇಲ್ವೋ. ನಮ್ಮಪ್ಪನ ಮಗ್ಗದ ಮುಂದೂ ಕ್ಯಾಮೆರಾ ಇಟ್ಟು ಹೋಗ್ಯಾರೆ."

ಹೆಂಗಸರು ಗುಸುಗುಸು ಎಂದರು. ದುರುಗಕ್ಕನಿಗೆ ಮಾತ್ರ ಅದೆಲ್ಲ ಕಿವಿಗೇ ಬೀಳಲಿಲ್ಲ. ಲೋಕದ ಎಲ್ಲಾ ಕೆಲಸ ಮಾಡುವ ಒಂದು ಕೈ ಹುಟ್ಟುತ್ತದಂತೆ, ಅದಕ್ಕೆ ಕಲಿಸುವ ಕೈ ಬೇಕಂತೆ ಎಂಬುದಷ್ಟೇ ಅವಳ ತಲೆಯೊಳಗೆ ಹೊಕ್ಕಿತ್ತು. ಆ ಕೈ ಯಾರದೆಂದು ಅವಳಿಗೆ ಸಂಶಯವೇ ಇರಲಿಲ್ಲ. ಸೆರಗು ಸರಿಮಾಡಿಕೊಂಡು ಬಲಗೈಯನ್ನು ಎಲ್ಲರಿಗೂ ಕಾಣುವಂತೆ ಮಡಿಲ ಮೇಲೆ ಇಟ್ಟುಕೊಂಡಳು.

ಅಷ್ಟರಲ್ಲಿ ರಶ್ಮಿತಾ, "ಬಲಗೈಯವ್ರು ಬೇಕಾದಷ್ಟು ಸಿಕ್ಕಿದಾರೆ, ನಿನ್ನೆಗೇ ಭರ್ತಿ ಆತು. ಎಡಗೈಯಲ್ಲಿ ಕೆಲ್ಸ ಮಾಡೋರು ಯಾರಾದ್ರೂ ಇದ್ದೀರಾ?" ಎಂದಳು.

ಗೀತಮ್ಮ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡದ್ದನ್ನು ದುರುಗಕ್ಕ ನೋಡಿದಳು. ತನ್ನ ಕೈ ಬೇಡವಾದ ಸಂಕಟವನ್ನು ಯಾರ ಮೇಲಾದರೂ ಚೆಲ್ಲಬೇಕಿತ್ತು. "ಇಕಾ, ಇವ್ಳೇ ಎಡಚಿ," ಎಂದು ನಗುತ್ತ ಓರಗಿತ್ತಿಯ ಕೈ ಹೊರಗೆಳೆದು ಎತ್ತಿ ಹಿಡಿದಳು. ನಾಲ್ಕು ಜನ ನಗಲಿ ಎಂದು ಎತ್ತಿದ ಕೈ ಅದು. ನಾಲ್ಕು ಜನ ನಕ್ಕರು ಕೂಡ. ರಶ್ಮಿತಾ ಮಾತ್ರ ನಗದೆ ಓಡಿಬಂದು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಎಷ್ಟು ದಿನದಿಂದ ಹುಡುಕ್ತಿದ್ವಿ ಅಕ್ಕ," ಎಂದಳು. ದುರುಗಕ್ಕ ತನ್ನ ಬಾಯಿಯನ್ನು ತಾನೇ ಹೊಲಿದುಕೊಳ್ಳಬೇಕೆಂದುಕೊಂಡಳು, ಆದರೆ ಮಾತು ಆಡಿಯಾಗಿತ್ತು.

ಮರುದಿನದಿಂದ ಗೀತಮ್ಮ ಬೆಳಗಿನ ಬಸ್ಸು ಹತ್ತಿ ಚಳ್ಳಕೆರೆಗೆ ಹೋಗತೊಡಗಿದಳು. ಸಂಜೆ ಮಲ್ಲಿಗೆ ಮುಡಿದು ಇಳಿಯುತ್ತಿದ್ದಳು. ರಾಜಣ್ಣ ಹೊಸ ಕುಕ್ಕರ್ ತಂದ. ಇವೆಲ್ಲವನ್ನೂ ದುರುಗಕ್ಕ ಹೇಗೋ ನುಂಗಿಕೊಂಡಳು. ನುಂಗಲಾಗದೆ ಗಂಟಲಲ್ಲಿ ನಿಂತದ್ದು ಬೇರೆ. ಮುಂದೆ ಲೋಕದ ಮಿಷಿನ್ನುಗಳೆಲ್ಲ ಗೀತನ ಕೈಯಲ್ಲಿ ಮುದ್ದೆ ಕಟ್ಟುತ್ತವೆ, ಗೀತನ ಕೈಯಲ್ಲಿ ಹೂ ಕಟ್ಟುತ್ತವೆ, ಇಡೀ ಪ್ರಪಂಚಕ್ಕೆ ಎಡಗೈಯಲ್ಲಿ ಬಡಿಸುತ್ತವೆ. ತಾನು ಸತ್ತ ಮೇಲೂ ಬಡಿಸುತ್ತಲೇ ಇರುತ್ತವೆ.

"ಕೆಲ್ಸ ಕಸ್ಕಳಂಗಿದ್ರೆ ಕಸ್ಕಳ್ಳಿ ಬಿಡು," ಎಂದಳು ಒಂದು ದಿನ ಗಂಡನೊಂದಿಗೆ. "ನನ್ ಕೈ ನೋಡಿ ಕಲ್ತು ಕಸ್ಕಳ್ಳಿ. ಅವ್ಳ ಕೈ ನೋಡಿ ಕಲ್ತಿದ್ದು ಬಂದು ನನ್ನ ಒಲೆ ಮುಂದೆ ಕೂತ್ರೆ ನಾನ್ ಹೆಂಗ್ ಸುಮ್ನಿರ್ಲಿ?"

"ಯಾವ ಕೈ ಆದ್ರೇನು, ಉಣ್ಣೋಕೆ ಸಿಕ್ರೆ ಸಾಕು," ಎಂದ ಗಾದ್ರಪ್ಪ. "ಮೂಟೆ ಹೊರೋದು ಅದು ಯಾವಾಗ ಕಲಿಯುತ್ತೋ ಕೇಳು. ನನ್ ಬೆನ್ನು ಕೊಡ್ತೀನಿ, ತಗಂಡೋಗ್ಲಿ."

ಮುಂಗಾರು ಹದವಾಗಿ ಬಿತ್ತು. ಪ್ರತಿವರ್ಷದಂತೆ ಊರಿನ ದೊಡ್ಡ ಹಿಡುವಳಿದಾರ ನಾಗೇಂದ್ರಪ್ಪ ಬಾಗಿಲಿಗೆ ಬಂದ. ದುರುಗಕ್ಕ ಅವನಿಗಾಗಿಯೇ ಕಾದು ತಲೆಗೆ ಸ್ನಾನ ಮಾಡಿ ಕೂತಿದ್ದಳು. ಅವನು ಜಗಲಿಯ ಮೇಲೆ ಕೂತು ನೀರು ಕುಡಿದು, ಅತ್ತ ಇತ್ತ ನೋಡಿ, "ಒಂದ್ ಮಾತು ದುರುಗಕ್ಕ. ಬೇಜಾರ್ ಮಾಡ್ಕೋಬ್ಯಾಡ," ಎಂದ. "ಈ ಸಲ ಬೀಜಕ್ಕೆ ಗೀತಮ್ಮನ ಕಳಿಸ್ತೀಯಾ?"

"ಅವ್ಳು ಎಡಚಿ ಕಣ್ರೀ."

"ಗೊತ್ತೈತಮ್ಮ. ಅಷ್ಟು ದೂರದಿಂದ ಕಂಪ್ನಿಯೋರು ಬಂದು ಹುಡುಕಿ ತಗಂಡಿರೋ ಕೈ ಅಲ್ವಾ. ನಮ್ಮ ಹುಡುಗ್ರೂ ಹಂಗೇ ಅಂತಾರೆ. ಕಾಲ ಬದಲಾಗೈತೆ."

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬುದು ಕೇಳಿದ ಗಾದೆ. ಓರಗಿತ್ತಿಗೂ ಒಂದು ಕಾಲ ಇರುತ್ತದೆಂದು ದುರುಗಕ್ಕನಿಗೆ ಯಾರೂ ಹೇಳಿರಲಿಲ್ಲ. ಅವಳು ಒಳಗೆ ಹೋಗಿ ಒದ್ದೆ ಕೂದಲನ್ನು ಬಿಗಿಯಾಗಿ ಗಂಟು ಹಾಕಿಕೊಂಡಳು. ಗೋಡೆಯಾಚೆ ನಾಗೇಂದ್ರಪ್ಪನ ದನಿಯೂ ಗೀತಮ್ಮನ ಹಿಂಜರಿಕೆಯ ದನಿಯೂ ಕೇಳಿಸಿತು. "ಅಕ್ಕ ಇರೋವಾಗ ನಾನ್ಯಾಕ್ರೀ," ಎನ್ನುತ್ತಿದ್ದಳು ಗೀತಮ್ಮ. ಆ ಮಾತು ಕೇಳಿ ದುರುಗಕ್ಕನ ಹೊಟ್ಟೆಕಿಚ್ಚು ಇನ್ನಷ್ಟು ಹೆಚ್ಚಿತು. ಕೆಟ್ಟವಳಾಗಿದ್ದರೆ ಬೈದಾದರೂ ಹಗುರಾಗಬಹುದಿತ್ತು.

ಬಿತ್ತನೆಯಾದ ಮೇಲೆ ಅವಳು ಮೇವಿನ ನೆಪ ಹೇಳಿ ನಾಗೇಂದ್ರಪ್ಪನ ಹೊಲದ ಬದುವಿಗೆ ಹೋಗಿ ನಿಂತಳು. ಎಲ್ಲಾದರೂ ಸಾಲು ಹಾರಿದೆಯೋ, ಬೀಜ ಕೊಳೆತಿದೆಯೋ ಎಂದು ಬಗ್ಗಿ ಬಗ್ಗಿ ನೋಡಿದಳು. ಒಂದು ಸಾಲೂ ತಪ್ಪದೆ ಶೇಂಗಾ ಮೊಳೆತು ನಿಂತಿತ್ತು. ಹಾಳಾಗಲಿ ಎಂದು ಮನಸ್ಸಿನಲ್ಲಿ ಬಂದದ್ದನ್ನು ಬಾಯಲ್ಲಿ ಆಡಲು ಹೆದರಿ, ಅವಳು ಬರಿಗೈಯಲ್ಲಿ ಮನೆಗೆ ಬಂದಳು.

ಅದೇ ವಾರ ಗೀತಮ್ಮ ಹಿತ್ತಲ ಗೋಡೆಯ ಮೇಲಿಂದ ಮಾತಾಡುತ್ತ, "ಇನ್ನೊಬ್ರು ಎಡಗೈಯೋರು ಬೇಕಂತೆ ಅಕ್ಕ. ಎಲ್ಲೂ ಸಿಗ್ತಿಲ್ಲಂತೆ," ಎಂದಳು. ಬಾಗಿಲಿಗೆ ಅಗುಳಿ ಬಿದ್ದದ್ದು ಆವತ್ತಿನಿಂದ.

ಮುದ್ದೆ ಒಂದು ಹದಕ್ಕೆ ಬರತೊಡಗಿದ ಮೇಲೆ ಅವಳು ಗೀತಮ್ಮ ಹೋದ ಬಸ್ಸನ್ನು ಬಿಟ್ಟು ಅದರ ಹಿಂದೆ ಬರುವ ಖಾಸಗಿ ಬಸ್ಸಿಗೆ ಚಳ್ಳಕೆರೆಗೆ ಹೊರಟಳು. ಟಿಕೆಟಿನ ದುಡ್ಡು ಕೊಡುವಾಗಲೂ ಎಡಗೈ ಚಾಚಿದಳು. ಕಂಡಕ್ಟರ್, "ಬಲಗೈಲಿ ಕೊಡಮ್ಮ, ಬೋಣಿ ಟೈಮು," ಎಂದು ಗದರಿದ. ಅವಳಿಗೆ ಗೆದ್ದಂತಾಯಿತು. ನೋಡುವವರ ಕಣ್ಣಿಗೆ ತಾನು ಎಡಚಿಯೇ.

ರಶ್ಮಿತಾಗೆ ಅವಳ ಗುರುತು ಹತ್ತಲಿಲ್ಲ. ಆವತ್ತು ಬಂದಿದ್ದ ಅಷ್ಟು ಹೆಂಗಸರಲ್ಲಿ ಯಾರ ಮುಖವೆಂದು ನೆನಪಿಟ್ಟುಕೊಂಡಾಳು. "ಎಡಗೈನಾ ಅಕ್ಕ? ಬರ್ರಿ, ಬರ್ರಿ," ಎಂದು ಸಂಭ್ರಮದಿಂದ ಒಳಗೆ ಕರೆದೊಯ್ದು, ಹಣೆಗೆ ಪಟ್ಟಿ ಕಟ್ಟಿ, ಅದರ ಮೇಲೆ ಬೆಂಕಿಪೊಟ್ಟಣದಷ್ಟು ಕ್ಯಾಮೆರಾ ಸಿಕ್ಕಿಸಿದಳು. ಆ ಕೋಣೆಯ ಇನ್ನೊಂದು ಮೂಲೆಯ ಮೇಜಿನ ಹಿಂದೆ ಗೀತಮ್ಮ ಕೂತಿದ್ದಳು. ಅಕ್ಕನನ್ನು ನೋಡಿ ಅವಳ ಬಾಯಿ ತೆರೆಯಿತು. ಆಮೇಲೆ ಮುಚ್ಚಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ, ಓರಗಿತ್ತಿಗೆ ಎಲ್ಲಾ ತಿಳಿದಿದೆ ಎಂದು ದುರುಗಕ್ಕನಿಗೆ ಗೊತ್ತಾಯಿತು. ಮುಖ ತಿರುಗಿಸಿ ಹಲಗೆಯ ಮುಂದೆ ಕೂತಳು.

ಬಿಸಿ ಹಿಟ್ಟು ಬಂತು. ಅವಳು ಎಡಗೈ ಅದ್ದಿದಳು, ತೆಗೆದುಕೊಂಡಳು, ಹೊರಳಿಸಿದಳು. ಮುದ್ದೆ ಅಷ್ಟೇನೂ ಕೆಡಲಿಲ್ಲ. ಒಂದು ಬದಿ ಸ್ವಲ್ಪ ಚಪ್ಪಟೆ, ಅಷ್ಟೆ. ಅವಳು ತಲೆಯೆತ್ತಿ ರಶ್ಮಿತಾಳನ್ನು ನೋಡಿದಳು. ಹುಡುಗಿ ಕಂಪ್ಯೂಟರಿನ ಮೇಲೆ ಕಣ್ಣಿಟ್ಟು ಹುಬ್ಬು ಗಂಟಿಕ್ಕಿದ್ದಳು.

"ಅಕ್ಕ, ನೀವು ಗೀತಕ್ಕನ ಹತ್ರ ಕಲ್ತಿದ್ದಾ?"

ದುರುಗಕ್ಕನ ಕಿವಿ ಕೆಂಪಾಯಿತು. "ನಾನ್ಯಾಕೆ ಅವ್ಳತ್ರ ಕಲೀಲಿ?"

"ಇಲ್ನೋಡ್ರಿ," ಎಂದು ರಶ್ಮಿತಾ ಪರದೆಯನ್ನು ತಿರುಗಿಸಿದಳು. ಒಂದು ಕಡೆ ಗೀತಮ್ಮನ ಕೈ, ಇನ್ನೊಂದು ಕಡೆ ಈಗಷ್ಟೇ ಮಾಡಿದ ದುರುಗಕ್ಕನ ಕೈ. ಒಂದು ನುರಿತದ್ದು, ಒಂದು ತಡವರಿಸುವುದು. ಆದರೆ ಅದ್ದುವ ಬಗೆ ಒಂದೇ, ಮಣಿಕಟ್ಟು ತಿರುವುವ ಬಗೆ ಒಂದೇ. ಎರಡರಲ್ಲೂ ಕಿರುಬೆರಳು ಮಾತ್ರ ಉಳಿದ ಬೆರಳುಗಳ ಜೊತೆ ಸೇರದೆ ನೆಟ್ಟಗೆ ಹೊರಗೆ ಚಾಚಿಕೊಂಡಿತ್ತು.

"ಬೆರಳು ಸಮೇತ ಒಂದೇ ಥರ. ಈ ಕೈ ನಮ್ಮ ಹತ್ರ ಆಗ್ಲೇ ಐತಕ್ಕ. ಬೇರೆ ಥರ ಮಾಡೋರು ಬೇಕಾಗಿತ್ತು."

ದುರುಗಕ್ಕ ಪರದೆಯನ್ನೇ ನೋಡಿದಳು. ಅವಳು ಲಂಗ ತೊಡುವ ಹುಡುಗಿಯಾಗಿದ್ದಾಗ ಒರಳುಗುಂಡಿನ ಕೆಳಗೆ ಸಿಕ್ಕಿ ಬಲಗೈಯ ಕಿರುಬೆರಳು ಮುರಿದಿತ್ತು. ಕೂಡಿಕೊಂಡರೂ ಅದು ಮತ್ತೆ ಮಡಚಲಿಲ್ಲ. ಇಷ್ಟು ವರ್ಷ ಅದನ್ನು ಹೊರಗಿಟ್ಟೇ ಎಲ್ಲಾ ಕೆಲಸ ಮಾಡಿದವಳು ಅವಳು; ಎಡಗೈಗೆ ಕಲಿಸುವಾಗಲೂ ತನಗೆ ತಿಳಿಯದೆ ಹಾಗೆಯೇ ಕಲಿಸಿದ್ದಳು. ಆದರೆ ಗೀತಮ್ಮನ ಬೆರಳಿಗೆ ಏನಾಗಿತ್ತು?

"ರಶ್ಮಿತಮ್ಮ," ಎಂದು ಮೂಲೆಯಿಂದ ಗೀತಮ್ಮನ ದನಿ ಬಂತು. "ಕಲ್ತಿದ್ದು ನಾನು. ಅಕ್ಕ ಅಲ್ಲ. ಮದ್ವೆಯಾಗಿ ಬಂದಾಗ ನಂಗೆ ಮುದ್ದೆ ಕಟ್ಟೋಕೆ ಬರ್ತಿರ್ಲಿಲ್ಲ. ಕೇಳೋಕೆ ಭಯ. ಆಗ ಎಲ್ರಿಗೂ ಒಂದೇ ಒಲೆ, ಅದರ ಈಚೆ ಕೂತು ಅಕ್ಕನ ಕೈನೇ ನೋಡ್ತಿದ್ದೆ. ಎದುರಿಗೆ ಕೂತ್ರೆ ಅಕ್ಕನ ಬಲಗೈ ನನ್ ಎಡಗೈ ಕಡೀಗೇ ಬರ್ತಿತ್ತು." ಅವಳು ತನ್ನ ಕಿರುಬೆರಳನ್ನು ನೋಡಿಕೊಂಡಳು. "ಹಂಗೆ ಬೆರಳು ಬಿಟ್ಟು ಕಟ್ಟಿದ್ರೇ ದುಂಡಗಾಗುತ್ತೆ ಅನ್ಕಂಡಿದ್ದೆ."

ರಶ್ಮಿತಾ ಇಬ್ಬರನ್ನೂ ನೋಡಿ ನಕ್ಕಳು. "ನಾವು ಇದು ಈ ಕಡೆಯ ಪದ್ಧತಿ ಅಂತ ಬರೆದು ಕಳಿಸಿದ್ವಿ. ಇದನ್ನೂ ನೋಡಿ ಅಕ್ಕ," ಎಂದು ಇನ್ನೊಂದು ಚಿತ್ರ ತೆರೆದಳು. ಯಾವುದೋ ದೂರದ ಊರಿನ ಬೆಳ್ಳನೆ ಕೋಣೆಯಲ್ಲಿ ಒಂದು ಕಬ್ಬಿಣದ ಕೈ ಮೆತ್ತನೆಯ ಉಂಡೆಯನ್ನು ಮೆಲ್ಲಗೆ ಹೊರಳಿಸುತ್ತಿತ್ತು. ಅದರ ಕಿರುಬೆರಳು ನೆಟ್ಟಗೆ ಚಾಚಿತ್ತು.

ಒರಳಿಗೆ ಸಿಕ್ಕಾಗ ತಾನು ಅತ್ತದ್ದು, ಅವ್ವ ಅರಿಶಿನದ ಪಟ್ಟಿ ಕಟ್ಟಿದ್ದು ಎಲ್ಲವೂ ಆ ಕಬ್ಬಿಣಕ್ಕೆ ಗೊತ್ತಿರುವಂತೆ ದುರುಗಕ್ಕನಿಗೆ ಅನ್ನಿಸಿತು. ಖುಷಿಯಾಗಬೇಕಿತ್ತು, ಆಯಿತು ಕೂಡ. ಆದರೆ ಆ ಖುಷಿಯ ಪಕ್ಕದಲ್ಲೇ ಹಳೆಯ ಉರಿಯೂ ಕೂತಿತ್ತು.

"ಅದ್ರಾಗೆ ನನ್ ಹೆಸ್ರು ಐತಾ?" ಎಂದು ಕೇಳಿದಳು.

"ಯಾರ ಹೆಸ್ರೂ ಇರಲ್ಲಕ್ಕ. ಗೀತಕ್ಕಂದೂ ಇಲ್ಲ." ರಶ್ಮಿತಾ ಆ ಚಿತ್ರವನ್ನು ಮುಚ್ಚಿದಳು. "ಮತ್ತೆ, ಆ ಬೆರಳೂ ಇನ್ನ ಇರಲ್ಲ. ಅದು ಸುಮ್ನೆ ನಿಂತೈತೆ, ಕೆಲ್ಸ ಮಾಡಲ್ಲ, ಸರಿ ಮಾಡ್ರಿ ಅಂತ ಮೇಲಿನೋರು ನಿನ್ನೆ ಹೇಳ್ಯಾರೆ. ಇವತ್ತಿಂದ ಗೀತಕ್ಕ ಬೆರಳು ಮಡಚಿ ಮಾಡಬೇಕು. ಆಗ್ದಿದ್ರೆ ಬೇರೆಯೋರನ್ನ ನೋಡ್ರಿ ಅಂದಾರೆ."

ಗೀತಮ್ಮ ಹೊಸ ಹಿಟ್ಟು ತೆಗೆದುಕೊಂಡಳು. ಬೆರಳು ಮಡಚಿ ಹೊರಳಿಸಿದಳು. ಅರ್ಧ ಸುತ್ತಿಗೇ ಅದು ಎದ್ದು ನಿಂತಿತು. ಮತ್ತೆ ಮಡಚಿದಳು, ಮತ್ತೆ ಎದ್ದಿತು. ಮೂರನೆಯ ಸಲ ಹಿಟ್ಟು ಹಲಗೆಯಿಂದ ಜಾರಿ ಬಿತ್ತು. ಅವಳ ಹಣೆಯ ಪಟ್ಟಿಯ ಕೆಳಗೆ ಬೆವರು ಇಳಿಯುತ್ತಿತ್ತು. ದುರುಗಕ್ಕ ಕೂತಲ್ಲಿಂದಲೇ ನೋಡುತ್ತಿದ್ದಳು. ಮಡಚಬಾರದು, ಆ ಬೆರಳು ಮಡಚಲೇಬಾರದು ಎಂದು ಅವಳ ಜೀವವೆಲ್ಲ ಹಂಬಲಿಸುತ್ತಿತ್ತು. ಮಡಚದಿದ್ದರೆ ಗೀತಮ್ಮ ನಾಳೆಯಿಂದ ಮನೆಯಲ್ಲಿರುತ್ತಾಳೆ ಎಂಬುದೂ ಅವಳಿಗೆ ಗೊತ್ತಿತ್ತು.

"ಅಕ್ಕಾ," ಎಂದಳು ಗೀತಮ್ಮ, ತಲೆಯೆತ್ತದೆ. "ಒಂಚೂರು ಹಿಡ್ಕಳ್ಳೆ. ನಿನ್ ಮಾತು ಕೇಳುತ್ತೇನೋ ಇದು."

ದುರುಗಕ್ಕ ಎದ್ದು ಹೋಗಿ ಅವಳ ಪಕ್ಕ ಕೂತಳು. ಹಿಟ್ಟು ಮೆತ್ತಿದ, ಬಿಸಿಯಾದ ಆ ಬೆರಳನ್ನು ತನ್ನ ಬಲಗೈಯಲ್ಲಿ ಹಿಡಿದುಕೊಂಡಳು. ಒತ್ತಿದಳು. ಮುರಿದ ಬೆರಳಲ್ಲವಲ್ಲ, ಮಗುವಿನ ಬೆರಳಿನಂತೆ ಮೆತ್ತಗೆ, ಒಂದಿಷ್ಟೂ ನೋಯದೆ, ಅದು ಅಂಗೈಯೊಳಗೆ ಮಡಚಿಕೊಂಡಿತು. ಗೀತಮ್ಮ ಹಾಗೆಯೇ ಕೈ ಹೊರಳಿಸಿದಳು. ಮುದ್ದೆ ದುಂಡಗಾಗತೊಡಗಿತು.

"ಹಾಂ, ಬಂತು, ಬಂತು," ಎಂದಳು ರಶ್ಮಿತಾ ಪರದೆ ನೋಡುತ್ತ. "ಅಕ್ಕ, ಇನ್ನ ನೀವು ಕೈ ತೆಗೀರಿ. ನಿಮ್ ಕಿರುಬೆರಳು ಅಡ್ಡ ಬರ್ತೈತೆ."

"ತಡಿಯವ್ವ, ಒಂಚೂರು," ಎಂದಳು ದುರುಗಕ್ಕ, ಕೈ ತೆಗೆಯದೆ.